ಅರಿಶಿನ ಹಚ್ಚಿದ ವಿಸಿಟಿಂಗ್ ಕಾರ್ಡು

ನಮ್ಮ ಕಾಕುವಿಗೆ ನೌಕರಿಯಿಲ್ಲ, ಅಂಗಡಿಯಿಲ್ಲ, ಚುನಾವಣೆಗೆ ನಿಲ್ಲುವ ಹುಚ್ಚೂ ಇಲ್ಲ. ಆದರೂ ಇಡೀ ಕಲ್ಕತ್ತೆಯಲ್ಲಿ ಅವಳಿಗಿಂತ ಹೆಚ್ಚು ವಿಸಿಟಿಂಗ್ ಕಾರ್ಡು ಹಂಚಿದವರು ಇನ್ನೊಬ್ಬರಿದ್ದರೆ ನಾನು ಮೀಸೆ ಬೋಳಿಸುತ್ತೇನೆ! ಕಾಕು ಎಂದರೆ ನಮ್ಮ ಧಾರವಾಡದ ಕಡೆ ಚಿಕ್ಕಪ್ಪನ ಹೆಂಡತಿ. ಕಲ್ಕತ್ತೆಯವರಿಗೆ ಅದೇ ಮಾತು ಚಿಕ್ಕಪ್ಪ. ಹಾಗಾಗಿ ದಕ್ಷಿಣೇಶ್ವರದ ಬೀದಿಯಲ್ಲಿ ನಾನು ಇಳಕಲ್ ಸೀರೆಯುಟ್ಟ ಹೆಂಗಸನ್ನು "ಕಾಕೂ" ಎಂದು ಕೂಗಿದಾಗಲೆಲ್ಲ ನಾಲ್ಕು ಜನ ನಿಂತು ನೋಡುತ್ತಾರೆ. ನೋಡಲಿ ಬಿಡಿ.

ಈ ಹುಚ್ಚು ಹಿಡಿಸಿದವನು ನಾನೇ. ಕಂಪನಿಯವರು ನನ್ನನ್ನು ಬೆಂಗಳೂರಿನಿಂದ ಕಲ್ಕತ್ತೆಯ ಎಸ್ಪ್ಲನೇಡಿನ ಆಫೀಸಿಗೆ ಕಳಿಸಿದಾಗ, ಮೊದಲ ಭಾನುವಾರವೇ ಕಾಕುವಿನ ಮನೆಗೆ ಹೋಗಿ ಜಂಬದಿಂದ ನನ್ನ ಕಾರ್ಡು ಕೊಟ್ಟೆ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದನ್ನ ಕೊಟ್ರ ಮಂದಿ ಫೋನ್ ಮಾಡ್ತಾರೇನೋ?"

"ಮಾಡ್ಲಾರದ ಏನ್ ಕಾಕು! ಎದುರಿನವರ ಮುಖಾ ನೋಡಿ, ನಕ್ಕೋತ, ಎರಡೂ ಕೈಲೆ ಕೊಡಬೇಕು. ಸಂಬಂಧ ತಾನ ಬೆಳೀತಾವ," ಎಂದು ಆಫೀಸಿನ ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಒದರಿದೆ.

"ಹಂಗಾರ ನನಗೂ ಮಾಡಿಸಿ ಕೊಡು."

ನಾನು ನಕ್ಕೆ. ಕಾಕು ನಗಲಿಲ್ಲ. ರೈಲ್ವೆಯಲ್ಲಿದ್ದ ಕಾಕಾ ತೀರಿಕೊಂಡು ವರ್ಷ ಕಳೆದಿತ್ತು. ಅವಳ ಮಗ, ಅಂದರೆ ನಮ್ಮ ಅಣ್ಣ, ಇಲ್ಲೇ ಹುಟ್ಟಿ ಬೆಳೆದವನು. ಕನ್ನಡದಲ್ಲಿ ಬೈದರೂ ಅವನಿಗೆ ತಿಳಿಯುತ್ತದೆ, ಆದರೆ ಉತ್ತರ ಮಾತ್ರ ಹಿಂದಿಯಲ್ಲಿ. ಸೊಸೆ ಬಂಗಾಳಿ, ಬಂಗಾರದಂಥ ಹುಡುಗಿ, ಭಾಷೆ ಮಾತ್ರ ಬೇರೆ.

"ನಿಮ್ಮ ಕಾಕಾ ಹೋದ ಮ್ಯಾಲ ಈ ಮನ್ಯಾಗ ನನ್ನ ಮಾತಿಗೆ ಕನ್ನಡದಾಗ ಹೂಂ ಅನ್ನಾವರೂ ಇಲ್ಲ. ನೀ ಬರೋದು ಐತವಾರಕ್ಕೊಮ್ಮೆ. ಉಳದ ದಿನಾ ಯಾರ ಜೋಡಿ ಮಾತಾಡ್ಲಿ, ಒಗ್ಗರಣಿ ಜೋಡಿ?"

ಕಾರ್ಡು ಮಾಡಿಸದೆ ಇನ್ನೇನು ಗತಿ? ಹೆಸರು, ಫೋನ್ ನಂಬರು, ಹುದ್ದೆ ಇರಬೇಕಾದ ಕಡೆ ಕಾಕು ಬರೆಸಿದಂತೆಯೇ ಕನ್ನಡದಲ್ಲಿ: "ಕನ್ನಡ ಬರುವವರು ಫೋನ್ ಮಾಡಿರಿ. ಕೆಲಸ ಏನೂ ಇಲ್ಲ, ಸುಮ್ಮನೆ ಮಾತಾಡೋಣ." ಇಷ್ಟಕ್ಕೇ ಬಿಟ್ಟರೆ ಅವಳು ನಮ್ಮ ಕಾಕು ಹೇಗಾದಾಳು? ಒಂದೊಂದು ಕಾರ್ಡಿನ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದಳು!

"ಕಾಕು, ಇದು ಲಗ್ನಪತ್ರಿಕಿ ಅಲ್ಲ!"

"ಮಂದೀನ್ನ ಕರಿಯೋ ಕಾಗದಾ ಹೌದಲ್ಲೋ? ಬರೇ ಕಾಗದಾ ಕೊಟ್ಟು ಕರದ್ರ ಯಾರ್ ಬರ್ತಾರ?"

ಬಂಗಾಳಿಗಳ ಮದುವೆಗೂ ಅರಿಶಿನ ಬೇಕೇ ಬೇಕು. ಲಿಪಿ ತಿಳಿಯದಿದ್ದರೂ ಅರಿಶಿನ ತಿಳಿಯದೆ ಇರುತ್ತದೆಯೇ? ಮೆಟ್ರೋದಲ್ಲಿ ಪಕ್ಕ ಕೂತವರು, ದೇವಸ್ಥಾನದ ಸಾಲಿನಲ್ಲಿ ಹಿಂದೆ ನಿಂತವರು, ಎಲ್ಲರದೂ ಒಂದೇ ಪ್ರಶ್ನೆ: "ಬಿಯೆ ಕಬೆ?" ಮದುವೆ ಯಾವಾಗ? ಎಲ್ಲರೂ ಮಾಸಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮೇಲಿನ ಮಹಡಿಯ ಹಿರಿಯರಂತೂ ಸಂದೇಶ ಎಂಬ ಬಂಗಾಳಿ ಮಿಠಾಯಿಯ ಡಬ್ಬಿ ಹಿಡಿದು ಬಂದೇಬಿಟ್ಟರು. ಮದುವೆ ಯಾರದೂ ಇಲ್ಲವೆಂದು ತಿಳಿದ ಮೇಲೆ ಡಬ್ಬಿ ವಾಪಸ್ ಒಯ್ಯಲು ಅವರಿಗೆ ಸಂಕೋಚ, ಬೇಡವೆನ್ನಲು ನನಗೆ ಸಂಕೋಚ. ಸಂದೇಶ ಬಹಳ ಚೆನ್ನಾಗಿತ್ತು.

ಮೀನಿನ ವಾಸನೆ ಬಂದರೆ ಮೂಗಿಗೆ ಸೆರಗು ಹಿಡಿಯುವ ಕಾಕು ಮೀನು ಮಾರುವವನಿಗೂ ಒಂದು ಕಾರ್ಡು ಕೊಟ್ಟಳು. ಯಾಕೆಂದು ಕೇಳಿದೆ.

"ಈ ಊರಾಗ ಕಾರವಾರದ ಕಡಿಯವರು ಯಾರರೆ ಇದ್ರ, ಮೀನಾ ಬಿಟ್ಟು ಇರ್ತಾರೇನೋ?"

ನನಗೆ ತರಬೇತಿ ಕೊಟ್ಟ ಮಹಾಶಯರಿಗೂ ಈ ತರ್ಕ ಹೊಳೆದಿರಲಿಕ್ಕಿಲ್ಲ! ಮೀನಿನವನೋ, ಆ ದುಂಡು ಅಕ್ಷರ ಮತ್ತು ಅರಿಶಿನ ನೋಡಿ, ಯಾವುದೋ ಮಂತ್ರವಿರಬೇಕೆಂದು ಕಾಳಿಯ ಪಟದ ಪಕ್ಕ ಅಂಟಿಸಿ ದಿನಾ ಊದುಬತ್ತಿ ಬೆಳಗತೊಡಗಿದ. ವ್ಯಾಪಾರ ಕುದುರಿತಂತೆ. ಅಳಿಯನ ಅಂಗಡಿಗೂ ಒಂದು ಬೇಕೆಂದು ಕೇಳಿದ.

ಫೋನ್ ಬರುತ್ತಲೇ ಇರಲಿಲ್ಲ ಎಂದೇನಲ್ಲ. ಸಾಲ ಬೇಕೇ ಎನ್ನುವವರು, ವಿಮೆ ಮಾಡಿಸಿ ಎನ್ನುವವರು ಬಿಡದೆ ಮಾಡುತ್ತಿದ್ದರು. ಒಮ್ಮೆ ಖಿದಿರ್‌ಪುರದಿಂದ ಒಬ್ಬ ಮುದುಕರು, ಅಕ್ಷರ ನೋಡಿ ತಮ್ಮ ತೆಲುಗೇ ಎಂದು ಭ್ರಮಿಸಿ ಮಾಡಿದ್ದರು. ಅವರು ತೆಲುಗಿನಲ್ಲಿ, ಕಾಕು ಕನ್ನಡದಲ್ಲಿ, ಬಹಳ ಹೊತ್ತು ಮಾತು ನಡೆಯಿತು.

"ಏನಂದ್ರು ಕಾಕು?"

"ಏನೂ ತಿಳೀಲಿಲ್ಲಪಾ. ಖರೆ ಪಾಪ, ಅವರಿಗೂ ಮಾತಾಡಬೇಕಾಗಿತ್ತು."

ಫೋನ್ ಸದ್ದಾದರೆ ಸಾಕು, ಕೈಯ ಹಿಟ್ಟು ತೊಳೆಯದೆ ಓಡುತ್ತಿದ್ದಳು. ಹಲೋ ಎನ್ನುವ ಮೊದಲೇ "ಯಾವ ಊರ್ರೀ ನಿಮ್ಮದು?" ಎಂದು ಕೇಳುವಳು. ಆ ಕಡೆಯಿಂದ ಹಿಂದಿ ಬಂದರೆ ಮುಖ ಸಪ್ಪಗಾಗುತ್ತಿತ್ತು.

ಅಷ್ಟರಲ್ಲಿ ನನಗೆ ಬೆಂಗಳೂರಿಗೆ ವಾಪಸ್ ವರ್ಗವಾಯಿತು. ಅಣ್ಣನಿಗೆ ಫೋನಿನಲ್ಲಿ ತಿಳಿಸಿದಾಗ "ಫಿರ್ ಮಾ ಕಿಸ್ಸೇ ಬಾತ್ ಕರೇಗೀ?" ಎಂದ. ಮತ್ತೆ ಅಮ್ಮ ಯಾರ ಹತ್ತಿರ ಮಾತಾಡುತ್ತಾಳೆ? ಕಾಕುವಿಗೆ ಎದುರಿಗೇ ಹೇಳೋಣವೆಂದು ರಜೆ ಹಾಕಿ ಒಂದು ಮಧ್ಯಾಹ್ನ ಹೋದೆ. ಅವಳು ಹೊಸ ಕಾರ್ಡುಗಳಿಗೆ ಅರಿಶಿನ ಹಚ್ಚುತ್ತ ಕೂತಿದ್ದಳು.

"ಐತವಾರದ ಕನ್ನಡಾನೂ ಹೊಂಟಿತು ಅನ್ನು," ಎಂದಳು. ಅಷ್ಟೇ.

ಆಗಲೇ ಫೋನ್ ಬಂತು. ಅವಳ ಕೈತುಂಬ ಅರಿಶಿನ; ನಾನೇ ಸ್ಪೀಕರ್ ಒತ್ತಿದೆ. ಪರದೆಯ ಮೇಲಿದ್ದುದು ಅಣ್ಣನ ಹೆಸರು!

"ನಮಸ್ಕಾರ್ರೀ," ಎಂದಿತು ದನಿ, ತಡೆದು ತಡೆದು. "ನಿಮ್ಮ ಕಾರ್ಡ್... ನೋಡಿದೆ ರೀ. ಕನ್ನಡಾ ಮಾತಾಡಬೇಕಾಗಿತ್ತು."

ಕಾಕುವಿನ ಕೈ ನಿಂತಿತು. ಹೆತ್ತ ಮಗನ ದನಿ ಯಾವ ತಾಯಿಗೆ ತಿಳಿಯುವುದಿಲ್ಲ? ಅತ್ತೇಬಿಡುತ್ತಾಳೆ ಎಂದುಕೊಂಡೆ. ಅವಳು ಪರಕೀಯರ ಎದುರು ಕೂರುವಂತೆ ನೆಟ್ಟಗೆ ಕೂತಳು.

"ಯಾವ ಊರ್ರೀ ನಿಮ್ಮದು?"

"ಹುಟ್ಟಿದ್ದು ಇಲ್ಲೇರೀ. ನಮ್ಮ ಅಪ್ಪ ಅವ್ವ... ಧಾರವಾಡ."

"ಊಟಾ ಆತೇನ್ರೀ?"

"ಆತ್ರೀ. ಅವ್ವ ಬುತ್ತಿಗೆ ರೊಟ್ಟಿ, ಝುಣಕಾ ಕಟ್ಟಿದ್ದಳು."

"ಖಾರ ಹೆಚ್ಚಾಗಿತ್ತೇನ್ರೀ?"

ಆ ಕಡೆ ಗಟಗಟ ನೀರು ಕುಡಿದ ಸದ್ದು.

"ಇಲ್ರೀ. ಛಲೋ ಇತ್ತು."

"ನಾಳೆನೂ ಫೋನ್ ಮಾಡ್ರಿ ಹಂಗಾರ," ಎಂದಳು ಕಾಕು.

ಫೋನ್ ಇಟ್ಟ ಮೇಲೆ ಕಣ್ಣೊರೆಸಿಕೊಂಡಳು. ಕೆನ್ನೆಯೆಲ್ಲ ಅರಿಶಿನವಾಯಿತು.

"ಯಾರ್ ಕಾಕು ಅವರು?" ಎಂದೆ, ಏನೂ ತಿಳಿಯದವನಂತೆ.

"ಯಾರೋ ಪಾಪ, ನಮ್ಮ ಕಡಿಯವರು. ಕನ್ನಡಾ ಇನ್ನೂ ಹಸಿ ಐತಿ. ಖರೆ ಛಲೋ ಮನಿ ಹುಡುಗ."