ಹಲ್ಲಿನ ಡಾಕ್ಟರು ಹಾಡಿದ್ದು

ಎಲ್ಲಕ್ಕೂ ಕಾರಣ ಒಂದು ಹುರಿದ ಕಡಲೆಕಾಯಿ ಬೀಜ. ಅದನ್ನು ಕಡಿದ ಗಾಯಕನ ದವಡೆ ಹಲ್ಲಿಗೆ ತುಂಬಿದ್ದ ಸಿಮೆಂಟು ಕಿತ್ತುಬಂದು, ಮಧ್ಯಾಹ್ನ ಮೂರಕ್ಕೆ ಅವನು ಗಿಟಾರಿನ ಸಮೇತ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಂದು ಬಿದ್ದ. ಸಂಜೆ ಆರಕ್ಕೆ ಪುಸ್ತಕದಂಗಡಿಯ ಮಹಡಿಯಲ್ಲಿ ಅವನ ಹಾಡುಗಾರಿಕೆ. ಮೂವತ್ತೇ ಕುರ್ಚಿ, ಒಂದೂ ಖಾಲಿಯಿಲ್ಲ.

ತನ್ನ ಹಾಡು ತಾನೇ ಕಟ್ಟಿ, ಊರೂರು ಸುತ್ತಿ ಒಬ್ಬನೇ ಹಾಡುವ ಈ ಗಾಯಕ ಪ್ರೀತಿಸಿದ್ದು ಗಂಡಸರನ್ನು, ಹಾಡುವುದೂ ಅವರ ಮೇಲೆಯೇ. ಅದರಲ್ಲಿ ಅವನಿಗೆ ಮುಚ್ಚುಮರೆಯಿಲ್ಲ. ಮೂವತ್ತಾರರ ಡಾಕ್ಟರ ಮನಸ್ಸೂ ಅದೇ ದಾರಿಯದು, ಆದರೆ ಅದು ಗೊತ್ತಿದ್ದದ್ದು ಅವರೊಬ್ಬರಿಗೇ. ಸೋದರತ್ತೆ ಹತ್ತು ವರ್ಷದಿಂದ ಹುಡುಗಿಯರ ಫೋಟೋ ಹಿಡಿದು ಕ್ಲಿನಿಕ್ಕಿನ ಬೆಂಚಿನಲ್ಲಿ ಠಿಕಾಣಿ ಹೂಡಿದ್ದಳು. ಒಬ್ಬೊಬ್ಬ ಹುಡುಗಿಗೂ ಒಂದೊಂದು ನೆಪ ಹೇಳಿ ಡಾಕ್ಟರು ಬಚಾವಾಗಿದ್ದರು. ನಿಜ ಹೇಳಿದರೆ ಸಾಕಿದ ಅತ್ತೆಯೇ ಮುಖ ತಿರುಗಿಸಿಯಾಳು ಎಂಬ ಭಯ ಅವರಿಗೆ.

"ನೋವು ತಡ್ಕೋತೀರಾ, ಇಂಜೆಕ್ಷನ್ ಕೊಡ್ಲಾ?"

"ನೋವಿನ ಮೇಲೆ ಹಾಡು ಬರೀತೀನಿ ಡಾಕ್ಟ್ರೇ, ತಡ್ಕೊಳ್ಳೋಕೆ ಬರಲ್ಲ. ಚುಚ್ಚಿ."

ಮೆಚ್ಚಿನ ಗಾಯಕನ ಬಾಯಿಗೇ ಕೈ ಹಾಕಿದ ಸಂಭ್ರಮದಲ್ಲಿ ಡಾಕ್ಟರಿಗೆ ಲೆಕ್ಕ ತಪ್ಪಿತು. ಒಂದು ಸಾಲದೇನೋ ಎಂದು ಇನ್ನೊಂದು ಚುಚ್ಚಿದರು. ಮೈಮರೆತು ಅವನ ಹಾಡುಗಳನ್ನೇ ಸಾಲುಬಿಡದೆ ಗುನುಗುತ್ತ ಹಲ್ಲು ಕೊರೆದರು. ಗಾಯಕ ಬಾಯಿ ತೆರೆದುಕೊಂಡೇ ಕಾಲಲ್ಲಿ ತಾಳ ಹಾಕಿದ.

ಎದ್ದಾಗ ಅವನ ತುಟಿ, ನಾಲಗೆ, ಅರ್ಧ ಕೆನ್ನೆ ಮರಗಟ್ಟಿದ್ದವು. ಥ್ಯಾಂಕ್ಸ್ ಹೇಳಲು ಹೋಗಿ ಜೊಲ್ಲು ಸುರಿಸಿದ.

"ಎಂಟು ಗಂಟೆವರೆಗೂ ಹೀಗೇ ಇರತ್ತೆ," ಎಂದರು ಡಾಕ್ಟರು, ಇಂಗು ತಿಂದ ಮಂಗನ ಮುಖ ಮಾಡಿಕೊಂಡು.

ಗಾಯಕ ಚೀಟಿ ಎಳೆದುಕೊಂಡು ಬರೆದ: "ನನ್ನ ಹಾಡೆಲ್ಲ ನಿಮಗೆ ಬಾಯಿಪಾಠ. ಸಂಜೆ ನೀವೇ ಹಾಡಬೇಕು, ನಾನು ಗಿಟಾರ್ ನುಡಿಸ್ತೀನಿ."

ಡಾಕ್ಟರು ಬೆವರಿದರು. ಅಷ್ಟರಲ್ಲಿ ಚೀಟಿ ಬೆಂಚಿನಿಂದ ಎದ್ದುಬಂದ ಅತ್ತೆಯ ಕೈಯಲ್ಲಿತ್ತು.

"ಈ ಸಲದ ಹುಡುಗಿ ತಾಯಿ ಸಂಜೆ ನಿನ್ನ ನೋಡೋಕೆ ಬರ್ತಿದಾರೆ. ಅಲ್ಲಿಗೇ ಕರ್ಕೊಂಡ್ ಬರ್ತೀನಿ. ಹುಡುಗ ಹಾಡ್ತಾನೆ ಅಂದ್ರೆ ಇನ್ನೂ ಒಳ್ಳೇದೇ ಆಯ್ತು."

"ಕುರ್ಚಿ ಇಲ್ಲ ಅತ್ತೆ."

"ನಿಂತ್ಕೊಂಡ್ ಕೇಳ್ತೀವಿ."

ಮಾಡಿದ್ದುಣ್ಣೋ ಮಹರಾಯ. ಆರು ಗಂಟೆಗೆ ಪುಸ್ತಕದಂಗಡಿಯವನು, "ಗಾಯಕರ ಬಾಯಿ ಕಟ್ಟಿದವರು ಇವರೇ, ಇವತ್ತು ಹಾಡೋರೂ ಇವರೇ," ಎಂದು ಪರಿಚಯಿಸಿದ. ಮೂವತ್ತು ಜೊತೆ ಕಣ್ಣು ಡಾಕ್ಟರನ್ನು ಸುಟ್ಟವು. ಹಿಂದೆ ಗೋಡೆಗೊರಗಿ ಅತ್ತೆ, ಪಕ್ಕದಲ್ಲಿ ಹುಡುಗಿಯ ತಾಯಿ. ಗಿಟಾರು ಶುರುವಾಯಿತು. ಜನ ಕಾದು ಕೂತಿದ್ದ ಹಾಡೇ ಮೊದಲು.

ನಿನ್ನ ಮೀಸೆಯಂಚಿಗೆ ಅಂಟಿದ ಚಹಾದ ಹನಿ ನಾನಾಗಲೇನೋ...

ಹುಡುಗಿಯ ಮೇಲಿನ ಹಾಡೆಂದು ದಾಟಿಸೋಣವೆಂದರೆ ಪಲ್ಲವಿಯಲ್ಲೂ ಮೀಸೆ, ಚರಣದಲ್ಲೂ ಮೀಸೆ. ಮೊದಲೆರಡು ಸಾಲು ಡಾಕ್ಟರು ಗಂಟಲಲ್ಲೇ ನುಂಗಿದರು. ಮೂರನೆಯದಕ್ಕೆ ಬರುವಾಗ, ಕ್ಲಿನಿಕ್ಕಿನ ಬಾಗಿಲು ಹಾಕಿಕೊಂಡು ಎಷ್ಟು ವರ್ಷ ಒಬ್ಬನೇ ಹಾಡಿಕೊಂಡಿದ್ದೆ ಎಂಬುದು ನೆನಪಾಗಿ ದುಃಖ ಒತ್ತರಿಸಿ ಬಂತು. ಆಮೇಲೆ ಅವರು ತಡೆಯಲಿಲ್ಲ. ಹನ್ನೊಂದು ಹಾಡು, ಒಂದೂ ಬಿಡದೆ ಎದೆ ತುಂಬಿ ಹಾಡಿದರು. ನಾಲ್ಕನೆಯ ಹಾಡಿಗೇ ಅತ್ತೆ ಹುಡುಗಿಯ ತಾಯಿಯ ಕೈಹಿಡಿದು ಕೆಳಗಿಳಿದು ಹೋದದ್ದು ಕಂಡಿತ್ತು.

ಚಪ್ಪಾಳೆ ಮುಗಿದ ಮೇಲೆ ಡಾಕ್ಟರು ಮೆಟ್ಟಿಲಿಳಿದರು. ಅತ್ತೆ ಬಾಗಿಲಲ್ಲೇ ನಿಂತಿದ್ದಳು.

"ಹತ್ತು ವರ್ಷ ನನ್ನ ಚಪ್ಪಲಿ ಸವೆಸಿದೆಯಲ್ಲೋ. ಮೊದಲೇ ಒಂದು ಮಾತು ಹೇಳಬಾರದಾಗಿತ್ತಾ?"

"ನೀನು ಬಿಟ್ಟುಬಿಡ್ತೀಯೇನೋ ಅಂತ, ಅತ್ತೆ."

"ನಿನ್ನನ್ನ ಬಿಟ್ಟು ನಾನೆಲ್ಲಿ ಹೋಗ್ಲಿ, ದಡ್ಡ." ಅವಳು ಸೆರಗಿನಿಂದ ಅವರ ಮುಖ ಒರೆಸಿದಳು. ಡಾಕ್ಟರು ಮಗುವಿನ ಹಾಗೆ ಬಿಕ್ಕಿದರು.

"ಇನ್ಮೇಲೆ ಹುಡುಗಿ ನೋಡಲ್ಲ ಅಲ್ವಾ?"

"ಒಬ್ಬಳನ್ನೂ ನೋಡಲ್ಲ."

ಡಾಕ್ಟರ ಜೀವ ಹಗುರವಾಯಿತು. ಆಗ ಅತ್ತೆಯ ಹಿಂದಿನಿಂದ ಹುಡುಗಿಯ ತಾಯಿ ಮೊಬೈಲಿನಲ್ಲಿ ಒಂದು ಫೋಟೋ ಮುಂದೆ ಹಿಡಿದರು.

"ಇವನು ನಮ್ಮಣ್ಣನ ಮಗ. ನಿಮ್ಮ ಥರಾನೇ. ಕಣ್ಣಿನ ಡಾಕ್ಟ್ರು, ಕುಡಿಯಲ್ಲ, ಸೇದಲ್ಲ. ಅಲ್ಲಿ ನಿಂತು ಹಾಡು ಕೇಳೋ ಬದಲು ಇಲ್ಲಿಂದಲೇ ಅವನಮ್ಮನ ಹತ್ರ ಫೋನಲ್ಲಿ ಮಾತಾಡಿ ಎಲ್ಲ ಒಪ್ಪಿಸಿಬಿಟ್ವಿ."

ಡಾಕ್ಟರು ಒಂದು ನೆಪಕ್ಕಾಗಿ ತಡಕಾಡಿದರು. ಹತ್ತು ವರ್ಷದಲ್ಲಿ ಕೂಡಿಟ್ಟ ನೆಪಗಳೆಲ್ಲ ಹುಡುಗಿಯರ ಅಳತೆ ಕೊಟ್ಟು ಹೊಲಿಸಿದವು. ಒಂದೂ ಈ ಹುಡುಗನಿಗೆ ಹೊಂದುವಂತಿರಲಿಲ್ಲ.

"ನಾಳೆ ಹನ್ನೊಂದಕ್ಕೆ ಬರ್ತಾನೆ," ಎಂದಳು ಅತ್ತೆ. "ಇವನು ಬೇಡ ಅಂದ್ರೆ ಇನ್ನೂ ಇಬ್ಬರಿದಾರೆ."