ಅತ್ತೆಯ ಕೈಗೆ ಸಿಕ್ಕ ಮುಖಗಳು

ವಿಜಯನಗರದಲ್ಲಿರುವ ನಮ್ಮ ಸೋದರತ್ತೆಯ ಮನೆಗೆ ಹೋದವರು ಹೋದ ಮುಖದಲ್ಲೇ ವಾಪಸು ಬಂದದ್ದನ್ನು ನಾನಂತೂ ಕಂಡಿಲ್ಲ. ಬೈದು ಕಳಿಸುತ್ತಾರೆ ಅಂದುಕೊಂಡಿರಾ? ಇಲ್ಲ, ತೀಡಿ ಕಳಿಸುತ್ತಾರೆ!

ಯಾವುದೋ ವಿಡಿಯೋ ನೋಡಿ ಅವರು ಗುವಾ ಶಾ ಎಂಬ ಹಸಿರು ಕಲ್ಲಿನ ಬಿಲ್ಲೆ ತರಿಸಿಕೊಂಡಿದ್ದರು. ಮುಖಕ್ಕೆ ಎಣ್ಣೆ ಹಚ್ಚಿ, ಅದರಿಂದ ಗಲ್ಲದಿಂದ ಕಿವಿಯ ಕಡೆಗೆ ಮೆಲ್ಲಗೆ ತೀಡಬೇಕಂತೆ. ಚರ್ಮ ಬಿಗಿಯಾಗಿ ಹೊಳೆಯುತ್ತದಂತೆ. ವಿಡಿಯೋದಲ್ಲಿ 'ಮೆಲ್ಲಗೆ' ಅನ್ನುವ ಮಾತು ಬಂದಾಗ ಅತ್ತೆ ಬಹುಶಃ ಕುಕ್ಕರ್ ಆರಿಸಲು ಎದ್ದು ಹೋಗಿದ್ದರು. ಚಪಾತಿ ಲಟ್ಟಿಸಿ ಪಳಗಿದ ಕೈ ಅದು.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅವರು ಬಾದಾಮಿ ಎಣ್ಣೆಯ ಸಮೇತ ನಮ್ಮ ಬಸವೇಶ್ವರನಗರದ ಮನೆಗೆ ಹಾಜರಾದರು. ಒಂದು ಕೆನ್ನೆ ತೀಡಿ ಮುಗಿಸುವಷ್ಟರಲ್ಲಿ ಕೆಳಗೆ ಕಾರು ನಿಂತ ಸದ್ದಾಯಿತು. ಕನ್ನಡಿ ನೋಡಿಕೊಂಡರೆ ನನ್ನ ಒಂದು ಕೆನ್ನೆ ಟೊಮೇಟೊ! ಅಮ್ಮನಿಗೆ ಅಳು ಬರುವುದೊಂದು ಬಾಕಿ. ಅತ್ತೆ ಮಾತ್ರ ಗಾಬರಿಯಾಗದೆ, "ಇನ್ನೊಂದನ್ನೂ ಕೆಂಪು ಮಾಡಿಬಿಡ್ತೀನಿ, ಇರು" ಅಂದರು. ಮಾಡಿಯೂ ಬಿಟ್ಟರು. ಹುಡುಗನ ತಾಯಿ ನನ್ನನ್ನು ನೋಡಿ, ಪಾಪ, ಹುಡುಗಿಗೆ ಎಷ್ಟು ನಾಚಿಕೆ ಎಂದು ಮೆಚ್ಚಿಕೊಂಡರು.

ಅತ್ತೆಗೆ ಮುಖ ಕೊಡದವರು ಮಾವ ಒಬ್ಬರೇ. ಅವರೂ ಕಳೆದ ತಿಂಗಳು ಒಂದು ಸಂಜೆ ಸೋತು ಕುರ್ಚಿಯಲ್ಲಿ ಕೂತರಂತೆ.

ಮರುದಿನ ಬೆಳಿಗ್ಗೆ ಅತ್ತೆಯ ಫೋನು ಬಂತು. "ಬೇಗ ಬಾರೇ. ನಿಮ್ಮ ಮಾವನ ಬಾಯಿ ಸೊಟ್ಟಗಾಗಿದೆ."

ನಾನು ಓಡಿದೆ. ಮಾವನ ಬಾಯಿಯ ಎಡಗಡೆ ಜೋತುಬಿದ್ದಿತ್ತು, ಕುಡಿದ ಕಾಫಿ ಅಂಗಿಯ ಮೇಲೆ ಚೆಲ್ಲಿತ್ತು, ಎಡಗಣ್ಣಿನ ರೆಪ್ಪೆ ಮುಚ್ಚುತ್ತಿರಲಿಲ್ಲ. ಆಟೋ ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಟೆವು. ಮಾರೇನಹಳ್ಳಿಯ ಹತ್ತಿರ ಸಿಗ್ನಲ್ ಬಿತ್ತು. ದಾರಿಯುದ್ದಕ್ಕೂ ಸಿಕ್ಕಿದವರ ಚರ್ಮದ ಬಗ್ಗೆ ಉಪದೇಶ ಮಾಡುವ ಅತ್ತೆ ಅಂದು ತುಟಿ ಬಿಚ್ಚಲಿಲ್ಲ. ಕೆಂಪು ದೀಪ ಹಸಿರಾಗುವ ಹೊತ್ತಿಗೆ ನನ್ನ ಕೈ ಹಿಡಿದುಕೊಂಡು, "ನಿನ್ನೆ ತೀಡಿದ್ನಲ್ಲ, ನಾನೇ ಕಣೇ ಹಿಂಗೆ ಮಾಡಿದ್ದು" ಅಂದರು. ಇಲ್ಲ ಎನ್ನುವಷ್ಟು ನನಗೆ ತಿಳಿದಿರಲಿಲ್ಲ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು, ಇದು ಪಾರ್ಶ್ವವಾಯು ಅಲ್ಲ, ಮುಖದ ನರ ಊದಿಕೊಂಡಿದೆ, ಮಾತ್ರೆ ತೆಗೆದುಕೊಂಡರೆ ನಿಧಾನಕ್ಕೆ ಸರಿಹೋಗುತ್ತದೆ ಎಂದರು. ಅತ್ತೆ ಕದಲಲಿಲ್ಲ. ಕಲ್ಲಿನಿಂದ ತೀಡಿದ್ದಕ್ಕೆ ಹೀಗಾಯಿತೇ ಎಂದು ಬೇರೆ ಬೇರೆ ರೀತಿಯಲ್ಲಿ ಕೇಳುತ್ತಲೇ ಇದ್ದರು.

"ಇಲ್ಲಮ್ಮ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬೇಕಾದ್ರೆ ದಿನಾ ಎಣ್ಣೆ ಹಚ್ಚಿ ಬೆರಳಲ್ಲಿ ಹಗುರವಾಗಿ ನೀವಿ" ಅಂದರು ಡಾಕ್ಟರು.

ಮನೆಗೆ ಬಂದು ಎಣ್ಣೆ ಬೆಚ್ಚಗೆ ಮಾಡಿದ್ದೇನೋ ಆಯಿತು. ಊರಿನವರ ಮುಖವನ್ನೆಲ್ಲ ಕೇಳದೆ ಹಿಡಿದ ಕೈ ಈಗ ಮಾವನ ಮುಖದ ಹತ್ತಿರ ಹೋಗಲೊಲ್ಲದು. "ನನ್ ಕೈಲಿ ಆಗಲ್ಲ, ನೀನೇ ಹಚ್ಚು" ಎಂದು ಅತ್ತೆ ಬಟ್ಟಲನ್ನು ನನ್ನ ಕಡೆ ಸರಿಸಿದರು.

ಮಾವ ಆ ಕೈಯನ್ನು ಹಿಡಿದು ತಮ್ಮ ಜೋತುಬಿದ್ದ ಕೆನ್ನೆಯ ಮೇಲಿಟ್ಟುಕೊಂಡರು. ಮಾತು ತೊದಲುತ್ತಿತ್ತು.

"ಅಲ್ಲಾಡಲ್ಲ ಅಷ್ಟೇ ಕಣೇ. ನೀನು ಮುಟ್ಟಿದ್ದು ಗೊತ್ತಾಗತ್ತೆ."

ಅತ್ತೆಯ ಬೆರಳು ಮೆಲ್ಲಗೆ ಸರಿಯತೊಡಗಿತು. ಮಾವನ ಬಲಗಣ್ಣು ಮುಚ್ಚಿಕೊಂಡಿತು. ಮುಚ್ಚಲಾರದ ಎಡಗಣ್ಣು ಮಾತ್ರ ಅತ್ತೆಯನ್ನೇ ನೋಡುತ್ತಿತ್ತು.