ಭಟ್ಟರ ಮೂಗಿನ ಗುಟ್ಟು

"ಮದುವೆ ಅಡಿಗೆಯ ಮಾತಿಗೆ ಬಂದದ್ದು ಅಂತ ಹೇಳಿ" ಎಂದು ಅಡಿಗೆಯ ವೆಂಕಟ್ರಮಣ ಭಟ್ಟರು ಫೋನಿನಲ್ಲಿ ಪಿಸುಗುಟ್ಟಿದರು. ಭಾವನಾ ಒಪ್ಪಿಕೊಂಡಳು. ಎಡವಟ್ಟಾದದ್ದು ಅಲ್ಲೇ.

ಪುತ್ತೂರಿನ ಭಾವನಾ ಮನಃಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಜ್ವರ ಬಂದು ಹೋದ ಮೇಲೆ ವಾಸನೆಯೇ ತಿಳಿಯದಾದವರು ಆ ಬದುಕನ್ನು ಹೇಗೆ ಅನುಭವಿಸುತ್ತಾರೆ ಎಂಬುದು ಅವಳ ವಿಷಯ. ಅವಳ ವಿಧಾನಕ್ಕೆ ನೂರಾರು ಜನ ಬೇಡ, ಆರೇ ಮಂದಿ ಸಾಕು. ಆದರೆ ಒಬ್ಬೊಬ್ಬರನ್ನೂ ಏಕಾಂತದಲ್ಲಿ ಕೂರಿಸಿ, ಬಾಯಿಗೆ ಮಾತು ತುರುಕದೆ, ತಮ್ಮ ಅನುಭವಕ್ಕೆ ಅವರು ಕೊಟ್ಟುಕೊಂಡ ಅರ್ಥವನ್ನು ಕೇಳಬೇಕು. ಆ ಅರ್ಥದ ಅರ್ಥವನ್ನು ಇವಳು ಬರೆಯಬೇಕು. ಆರನೆಯವರು ಮಾತ್ರ ಸಿಕ್ಕಿರಲಿಲ್ಲ. ಅವಳ ವಾಟ್ಸಾಪ್ ಪ್ರಕಟಣೆ ನೋಡಿ ಭಟ್ಟರೇ ಫೋನ್ ಮಾಡಿದ್ದರು.

ಭಟ್ಟರ ಊರಾದ ಕೆದಂಬಾಡಿಯಲ್ಲಿ ಎಲ್ಲವೂ ಸಿಗುತ್ತದೆ, ಏಕಾಂತವೊಂದನ್ನು ಬಿಟ್ಟು. ಭಾವನಾ ಅವರ ಮನೆಯ ಜಗಲಿಯಲ್ಲಿ ಕೂತದ್ದೇ ತಡ, ಪಕ್ಕದ ಮನೆಯ ಈಶ್ವರಿ ಹೆಪ್ಪಿಗೆ ಮೊಸರು ಕೇಳುವ ನೆಪದಲ್ಲಿ ಬಂದರು.

"ಹುಡುಗ ಎಲ್ಲಿಯವ?"

"ಜಾ... ಜಾಲ್ಸೂರು."

"ಜಾಲ್ಸೂರಲ್ಲಿ ಯಾರ ಮನೆ?" ಅವಳನ್ನು ಕರೆತಂದ ರಿಕ್ಷಾದ ದೇವದಾಸ ಇನ್ನೂ ಹೋಗಿರಲಿಲ್ಲ. "ಅಲ್ಲಿ ನನಗೆ ಗೊತ್ತಿಲ್ಲದ ಮನೆಯೇ ಇಲ್ಲ ಮಾರಾಯ್ರೆ."

ಭಟ್ಟರ ಹೆಂಡತಿ ಮನೋರಮಾ ಈಶ್ವರಿಗೆ ಮೊಸರು ಕೊಟ್ಟು, ಕಾಫಿ ತಂದಿಟ್ಟು ಕೇಳಿದರು, "ಊಟಕ್ಕೆ ಎಷ್ಟು ಜನ?"

ಭಾವನಾಳ ತಲೆಯಲ್ಲಿ ಪ್ರಬಂಧದ ಲೆಕ್ಕ. "ಆರು" ಅಂದುಬಿಟ್ಟಳು.

"ಆರು ಎಲೆಗೆ ಮದುವೆಯಾ!" ಈಶ್ವರಿಯ ಕೈಯ ಮೊಸರು ಅಂಗಳಕ್ಕೆ ಚೆಲ್ಲಿತು.

ಭಟ್ಟರು ತಟ್ಟನೆ ಎದ್ದರು. "ಬನ್ನಿ, ಪಾತ್ರೆ ತೋರಿಸ್ತೇನೆ."

ಪಾತ್ರೆ ಕೋಣೆಯಲ್ಲಿ ಕವುಚಿಟ್ಟ ಕೊಪ್ಪರಿಗೆಯ ಮೇಲೆ ಕೂತು ಭಾವನಾ ರೆಕಾರ್ಡರ್ ಒತ್ತಿದಳು. ಭಟ್ಟರು ಒಂದು ಸೌಟು ಕೈಗೆತ್ತಿಕೊಂಡು ಮಾತು ಶುರು ಮಾಡಿದರು.

"ಬಡಿಸುವ ಮೊದಲು ನಾವು ರುಚಿ ನೋಡುವ ಹಾಗಿಲ್ಲ, ಎಂಜಲಾಗ್ತದೆ. ಮೂಗೇ ನಾಲಗೆ. ಈಗ ಸಾಸಿವೆ ಸಿಡಿಯುದು ಕೇಳ್ತದೆ, ಪರಿಮಳ ಬರುದಿಲ್ಲ. ಒಳಗೆ ಜನ ಇದ್ದೂ ಬಾಗಿಲು ತೆಗೆಯದ ಮನೆಯ ಎದುರು ನಿಂತ ಹಾಗೆ." ಅವರ ಸ್ವರ ಇಳಿಯಿತು. "ಮೊನ್ನೆ ಮೊಮ್ಮಗಳನ್ನು ಎತ್ತಿಕೊಂಡೆ. ಶಿಶುಗಳ ನೆತ್ತಿಗೆ ಒಂದು ವಾಸನೆ ಇರ್ತದಲ್ಲ..."

ಮನೆಯವರಿಗೆ ಗೊತ್ತುಂಟಾ ಎಂದು ಭಾವನಾ ಮೆಲ್ಲಗೆ ಕೇಳಿದಳು.

"ಯಾರಿಗೂ ಗೊತ್ತಿಲ್ಲ, ಮನೋರಮನಿಗೂ. ಗೊತ್ತಾದ್ರೆ ಮೂಗಿಲ್ಲದ ಭಟ್ಟನನ್ನು ಅಡಿಗೆಗೆ ಯಾರು ಕರೀತಾರೆ? ಕೈಯ ಅಭ್ಯಾಸದಲ್ಲೇ ನಡೀತಾ ಉಂಟು."

ಪ್ರಬಂಧದ ಜೀವವೇ ಸಿಕ್ಕಿತೆಂದು ಭಾವನಾ ಹಿಗ್ಗಿ ರಿಕ್ಷಾ ಹತ್ತಿದಳು. ಒಳಗೆ ಈಶ್ವರಿ ಆಗಲೇ ಕೂತಿದ್ದರು. ತಿರುವು ದಾಟಿದ ಮೇಲೆ ದೇವದಾಸ ಮೆಲ್ಲಗೆ ಕೇಳಿದ, "ನಿಮ್ಮ ವಾಟ್ಸಾಪ್ ಪ್ರಕಟಣೆ ನನಗೂ ಬಂದಿತ್ತು. ಭಟ್ಟ್ರು ಮೂಗಿನ ವಿಷಯ ಹೇಳಿದ್ರಾ?"

"ಎಂತ ಮೂಗು?" ಭಾವನಾ ರೆಕಾರ್ಡರನ್ನು ಚೀಲದೊಳಗೆ ತಳ್ಳಿದಳು.

"ಊರಿಗೇ ಗೊತ್ತುಂಟು" ಎಂದರು ಈಶ್ವರಿ. "ಒಂದು ಉಪನಯನದಲ್ಲಿ ಪಾಯಸ ಸೀದು ಚಪ್ಪರ ಇಡೀ ಮೂಗು ಮುಚ್ಚಿಕೊಂಡಿತ್ತು. ಭಟ್ಟ್ರು ನಗ್ತಾ ತಿರುವುತ್ತಾ ಇದ್ರು. ಆವತ್ತಿಂದ ಮನೋರಮಕ್ಕ ಈ ದೇವದಾಸನನ್ನೂ ನನ್ನನ್ನೂ ಅಡಿಗೆಯ ಸಹಾಯಕ್ಕೆ ಅಂತ ಒಲೆ ಹತ್ತಿರ ನಿಲ್ಲಿಸಿದ್ದು."

"ತಳ ಹಿಡಿಯುವ ವಾಸನೆ ಬಂದ ಕೂಡಲೇ ನಾನು ಕೆಮ್ಮುದು" ಎಂದ ದೇವದಾಸ. "ಭಟ್ಟ್ರು ಪಾಪ, ನನಗೆ ನೀರು ತರ್ಲಿಕ್ಕೆ ಓಡ್ತಾರೆ. ಅಷ್ಟರಲ್ಲಿ ಈಶ್ವರಿಯಕ್ಕ ಒಲೆಯ ಕೊಳ್ಳಿ ಎಳೆದು ಬೆಂಕಿ ತಗ್ಗಿಸ್ತಾರೆ. ನೀವು ಹೇಳ್ಬೇಡಿ ಆಯ್ತಾ? ಕೈಯ ಅಭ್ಯಾಸ ಅಂತ ನಂಬಿದ್ದಾರೆ."

ಭಾವನಾ ಮಾತು ಕೊಟ್ಟಳು. ಅರ್ಥದೊಳಗೊಂದು ಅರ್ಥ! ಬರೆಯುವಂತಿಲ್ಲ, ನಿಜ. ಭಟ್ಟರ ಮಾತನ್ನಷ್ಟೇ ಬರೆದರೂ ಸಾಕಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಸಂಜೆ ಭಟ್ಟರ ಫೋನ್ ಬಂತು.

"ನಾನು ಹೇಳಿದ್ದೆಲ್ಲ ಅಳಿಸಿಬಿಡಿ ಮಗಳೇ. ಬೇಡ ಅನ್ನಿಸಿದ್ರೆ ಹೇಳ್ಬಹುದು ಅಂದಿದ್ರಲ್ಲ?"

"ಯಾಕೆ? ಹೆಸರು ಹಾಕುದಿಲ್ಲ, ಯಾರಿಗೂ ಗೊತ್ತಾಗುದಿಲ್ಲ."

"ಮನೋರಮಾ, ದೇವದಾಸ, ಈಶ್ವರಿ, ಎಲ್ಲರಿಗೂ ಗೊತ್ತುಂಟು. ಅವರಿಗೆ ಗೊತ್ತುಂಟು ಅಂತ ನನಗೂ ಗೊತ್ತುಂಟು. ಪಾಯಸ ಕುದಿಯುವಾಗ ಮಾತ್ರ ಬರುವ ಕೆಮ್ಮು ಎಂಥ ಕೆಮ್ಮು? ನಾನು ನೀರಿಗೆ ಹೋಗಿ ನಿಧಾನಕ್ಕೆ ಬರ್ತೇನೆ, ಈಶ್ವರಿಗೆ ಕೊಳ್ಳಿ ಎಳೆಯಲಿಕ್ಕೆ ಹೊತ್ತು ಬೇಕಲ್ಲ. ನಿಮ್ಮ ಪುಸ್ತಕ ಅವರ ಕೈಗೆ ಸಿಕ್ಕಿ, ಅಷ್ಟು ಪ್ರೀತಿಯಲ್ಲಿ ಮುಚ್ಚಿಟ್ಟದ್ದು ವ್ಯರ್ಥ ಆಯ್ತು ಅಂತ ಅನ್ನಿಸಬಾರದು."

ಭಾವನಾ ರೆಕಾರ್ಡರಿನಲ್ಲಿ ಮೊಮ್ಮಗಳ ಮಾತು ಬರುವವರೆಗೆ ಇನ್ನೊಮ್ಮೆ ಕೇಳಿದಳು. ಅಳಿಸಿದಳು.

ಸ್ವಲ್ಪ ಹೊತ್ತಿಗೆ ಗೈಡ್ ಮೇಡಂ ಕರೆ ಮಾಡಿದರು. "ಆರನೆಯವರು ಸಿಕ್ಕಿದ್ರಾ?"

"ಇಲ್ಲ ಮೇಡಂ" ಎಂದಳು ಭಾವನಾ. ಯಾಕೋ ದೇವದಾಸನ ಹಾಗೆ ಅವಳಿಗೂ ಒಂದು ಕೆಮ್ಮು ಬಂತು.